ಬಿಲ್ಲುವಾರು ಲಾಭ: ಶನಿವಾರ ಕಂಡ ಅಂಕಿ ಮಂಗಳವಾರ ಬದಲಾದದ್ದು ಏಕೆ?

ಕಂಕನಾಡಿಯ ಪೈಪ್ ವ್ಯಾಪಾರಿ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಕಂಕನಾಡಿಯಲ್ಲಿ ಪೈಪು, ಫಿಟ್ಟಿಂಗ್, ನಲ್ಲಿ ಮಾರುವ ಅಂಗಡಿ ನಮ್ಮದು. ಅರ್ಧ ಚಿಲ್ಲರೆ ವ್ಯಾಪಾರ, ಉಳಿದರ್ಧ ಕಟ್ಟಡ ಗುತ್ತಿಗೆದಾರರಿಗೆ ಸಾಲದ ಮೇಲೆ ಕೊಡುವುದು. ಲೆಕ್ಕವೆಲ್ಲ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿದೆ. ವರ್ಷದ ಕೊನೆಗೆ ಸಿಎ ಅವರು ಕೊಡುವ ಒಟ್ಟು ಲಾಭದ ಅಂಕಿಯಿಂದ ನನಗೆ ಆಗಬೇಕಾದ್ದು ಹೆಚ್ಚೇನಿಲ್ಲ. ಒಂದೊಂದು ಬಿಲ್ಲಿನಲ್ಲಿ ಎಷ್ಟು ಉಳಿಯಿತು ಎಂದು ತಿಳಿಯಬೇಕು, ಏಕೆಂದರೆ ಗುತ್ತಿಗೆದಾರರು ಕೌಂಟರಿನ ಮುಂದೆ ನಿಂತು "ಇನ್ನೂ ಎರಡು ಪರ್ಸೆಂಟ್ ಬಿಡಿ ಮಾರಾಯ್ರೇ" ಎಂದಾಗ ಬಿಡಬಹುದೋ ಬಾರದೋ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ.

ಆದ್ದರಿಂದ ಮಾರಾಟದ ರಿಜಿಸ್ಟರಿನಲ್ಲಿ ಪ್ರತಿ ಬಿಲ್ಲಿನ ಲಾಭ ತೋರಿಸುವಂತೆ ಮಾಡಿಕೊಂಡೆ. ಒಂದು ಬಿಲ್ಲಿನ ವಿವರ ಹೀಗಿದೆ. ಒಂದೂವರೆ ಇಂಚಿನ ಪೈಪು ಮೊದಲ ಸಲ 100 ಲೆಂತ್ (ಒಂದು ಲೆಂತ್ ಎಂದರೆ ಒಂದು ಇಡೀ ಪೈಪು), ₹300ರಂತೆ ಬಂದಿತ್ತು. ಎರಡನೆಯ ಸಲ 100 ಲೆಂತ್, ₹340ರಂತೆ ಬಂತು. ಅದರಲ್ಲಿ 120 ಲೆಂತ್ ಅನ್ನು ಒಬ್ಬ ಗುತ್ತಿಗೆದಾರರಿಗೆ ₹375ರಂತೆ, ಜಿಎಸ್‌ಟಿ ಬಿಟ್ಟು ₹45,000ಕ್ಕೆ ಮಾರಿದೆವು. ಶನಿವಾರ ಸಂಜೆ ನೋಡಿದಾಗ ಈ ಬಿಲ್ಲಿನ ಲಾಭ ₹6,600 ಎಂದಿತ್ತು; ಮಂಗಳವಾರ ಬೆಳಿಗ್ಗೆ ಅದೇ ಬಿಲ್ಲು ₹5,400 ತೋರಿಸುತ್ತಿದೆ. ಬಿಲ್ಲನ್ನು ಯಾರೂ ಮುಟ್ಟಿಲ್ಲ, ತಿದ್ದುಪಡಿಗಳನ್ನು ದಾಖಲಿಸುವ ಎಡಿಟ್ ಲಾಗ್‌ನಲ್ಲಿಯೂ ಆ ಬಿಲ್ಲಿಗೆ ಬದಲಾವಣೆ ಇಲ್ಲ. ಎರಡರಲ್ಲಿ ಯಾವ ಅಂಕಿಯನ್ನು ನಂಬಬೇಕು?

ಉಡುಪಿಯಲ್ಲಿ ಲೆಕ್ಕ ಬರೆಯುವವಳು

ನಿಮ್ಮ ಅಂಕಿಗಳೇ ಉತ್ತರದ ಸುಳಿವು ಕೊಡುತ್ತವೆ. ಶನಿವಾರಕ್ಕೂ ಮಂಗಳವಾರಕ್ಕೂ ಇರುವ ವ್ಯತ್ಯಾಸ ₹1,200. ಮಾರಿದ್ದು 120 ಲೆಂತ್, ಅಂದರೆ ಲೆಂತ್ ಒಂದಕ್ಕೆ ಅಸಲು ₹10 ಏರಿದೆ. ಎರಡು ಖರೀದಿ ಸೇರಿ 200 ಲೆಂತ್ ಇರುವುದರಿಂದ ಒಟ್ಟು ಖರೀದಿ ಮೌಲ್ಯಕ್ಕೆ ₹2,000 ಸೇರಿದಂತಾಯಿತು. ಆ ಎರಡು ಮೂರು ದಿನಗಳಲ್ಲಿ ಯಾರಾದರೂ ಎರಡನೆಯ ಖರೀದಿ ಬಿಲ್ಲಿಗೆ ಲಾರಿ ಬಾಡಿಗೆಯನ್ನೋ ಹಮಾಲಿಯನ್ನೋ ಸೇರಿಸಿರಬೇಕು. ಖರೀದಿಯ ಎಡಿಟ್ ಲಾಗ್ ತೆರೆದು ನೋಡಿ.

ಕಂಕನಾಡಿಯ ಪೈಪ್ ವ್ಯಾಪಾರಿ

ನೋಡಿದೆ. ಸರಿಯಾಗಿ ಎರಡು ಸಾವಿರ. ಸೋಮವಾರ ಟ್ರಾನ್ಸ್‌ಪೋರ್ಟಿನವರು ಬಾಡಿಗೆ ಬಿಲ್ಲು ಕೊಟ್ಟು ಹೋಗಿದ್ದರು, ನಮ್ಮ ಹುಡುಗ ಅದನ್ನು ಖರೀದಿಗೆ ಸೇರಿಸಿದ್ದಾನೆ. ಅದು ಸರಿಯಾದ ಕ್ರಮವೇ ಅಲ್ಲವೇ? ಹಾಗಿದ್ದರೆ ಮುಗಿದುಹೋದ ಮಾರಾಟದ ಲಾಭ ಏಕೆ ಹಿಂದಕ್ಕೆ ಹೋಗಿ ಬದಲಾಗಬೇಕು?

ಉಡುಪಿಯಲ್ಲಿ ಲೆಕ್ಕ ಬರೆಯುವವಳು

ಅವನು ಮಾಡಿದ್ದು ಸರಿ. ಸರಕನ್ನು ಅಂಗಡಿಯ ಬಾಗಿಲಿಗೆ ತರುವವರೆಗಿನ ಖರ್ಚು ಆ ಸರಕಿನ ಅಸಲಿಗೇ ಸೇರಬೇಕು. ಟ್ಯಾಲಿಯಲ್ಲಿ ಖರೀದಿಯ ಹೆಚ್ಚುವರಿ ವೆಚ್ಚವನ್ನು ಪ್ರಮಾಣದ ಮೇಲೆ ಅಥವಾ ಮೌಲ್ಯದ ಮೇಲೆ ಹಂಚುವ ವ್ಯವಸ್ಥೆ ಇರುವುದು ಇದಕ್ಕಾಗಿಯೇ.

ನಿಮ್ಮ ಪ್ರಶ್ನೆಯ ಎರಡನೆಯ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ಮಾರಾಟದ ಬಿಲ್ಲಿನಲ್ಲಿ ದಾಖಲಾಗಿರುವುದು ಮಾರಿದ ದರ ಮಾತ್ರ, ಅಸಲು ಅದರಲ್ಲಿ ಇಲ್ಲ. ಬಿಲ್ಲುವಾರು ಲಾಭದ ವರದಿ ತೆರೆದಾಗಲೆಲ್ಲ ಟ್ಯಾಲಿಯು ಆ ಹೊತ್ತಿನಲ್ಲಿ ಪುಸ್ತಕದಲ್ಲಿರುವ ಖರೀದಿಗಳನ್ನು ಓದಿ, ಆ ಐಟಂಗೆ ನೀವು ಆರಿಸಿರುವ ಕಾಸ್ಟಿಂಗ್ ವಿಧಾನದ ಪ್ರಕಾರ ಅಸಲನ್ನು ಹೊಸದಾಗಿ ಲೆಕ್ಕ ಹಾಕಿ ತೋರಿಸುತ್ತದೆ. ನೀವು ಏನನ್ನೂ ಆರಿಸದಿದ್ದರೆ ಅದು ಸರಾಸರಿ ಅಸಲು. ಹಾಗಾಗಿ ಶನಿವಾರದ ಅಂಕಿ ಶನಿವಾರ ಗೊತ್ತಿದ್ದ ಖರ್ಚಿಗೆ ಸರಿ, ಮಂಗಳವಾರದ ಅಂಕಿ ಮಂಗಳವಾರ ಗೊತ್ತಾದ ಖರ್ಚಿಗೆ ಸರಿ. ನಂಬಬೇಕಾದದ್ದು ಮಂಗಳವಾರದ್ದನ್ನು.

ವಿಧಾನ ಬದಲಾದರೆ ಅಂಕಿ ಎಷ್ಟು ಬದಲಾಗುತ್ತದೆ ಎಂಬುದನ್ನು ನಿಮ್ಮ ಬಿಲ್ಲಿನಲ್ಲೇ ನೋಡೋಣ, ಲಾರಿ ಬಾಡಿಗೆ ಸೇರಿಸಿಕೊಂಡು. ಎರಡನೆಯ ಖರೀದಿಯ ಅಸಲು ₹340 ಅಲ್ಲ, ₹360.

ಸರಾಸರಿ ಅಸಲು ಹಿಡಿದರೆ ₹66,000ವನ್ನು 200ರಿಂದ ಭಾಗಿಸಿದಾಗ ₹330 ಬರುತ್ತದೆ. 120 ಲೆಂತ್‌ಗೆ ₹39,600, ಲಾಭ ₹5,400. ಫಿಫೋ, ಅಂದರೆ ಮೊದಲು ಬಂದದ್ದು ಮೊದಲು ಹೋಯಿತು ಎಂದು ಹಿಡಿದರೆ ಹಳೆಯ 100 ಲೆಂತ್ ₹30,000, ಹೊಸದರಲ್ಲಿ 20 ಲೆಂತ್ ₹7,200, ಒಟ್ಟು ₹37,200, ಲಾಭ ₹7,800. ಕೊನೆಯ ಖರೀದಿ ದರ ಹಿಡಿದರೆ 120 ಲೆಂತ್‌ಗೆ ₹43,200 ಆಗಿ ಲಾಭ ₹1,800ಕ್ಕೆ ಇಳಿಯುತ್ತದೆ.

ಸರಕು ಒಂದೇ, ಗಿರಾಕಿ ಒಬ್ಬರೇ, ಬಿಲ್ಲೂ ಒಂದೇ. ಲಾಭ ಮಾತ್ರ ₹1,800ರಿಂದ ₹7,800ರವರೆಗೆ. ಬಿಲ್ಲಿನ ಲಾಭವನ್ನು ಕೇಳುವ ಮೊದಲು ಯಾವ ಅಸಲಿನ ಮೇಲೆ ಎಂದು ತೀರ್ಮಾನಿಸದಿದ್ದರೆ ಆ ಅಂಕಿಗೆ ಅರ್ಥವೇ ಇರುವುದಿಲ್ಲ.

ಸರಾಸರಿಯಲ್ಲಿಯೂ ಎರಡು ಬಗೆ ಇದೆ ಎಂಬುದನ್ನು ಮರೆಯಬೇಡಿ. ಪ್ರತಿ ಖರೀದಿಯ ನಂತರ ಕೈಯಲ್ಲಿರುವ ದಾಸ್ತಾನಿಗೆ ಹೊಸ ಸರಾಸರಿ ಕಟ್ಟುತ್ತಾ ಹೋಗುವುದು ಒಂದು. ಅವಧಿಯ ಆರಂಭದ ದಾಸ್ತಾನು ಮತ್ತು ಅವಧಿಯ ಎಲ್ಲ ಖರೀದಿಗಳನ್ನು ಸೇರಿಸಿ ಒಂದೇ ಸರಾಸರಿ ತೆಗೆಯುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ವರದಿಯ ದಿನಾಂಕವನ್ನು ಬದಲಿಸಿದರೂ ಅಸಲು ಅಲುಗುತ್ತದೆ. ಬೇರೆ ತಂತ್ರಾಂಶ ಬಳಸುವವರು ತಮ್ಮದು ಯಾವ ಬಗೆ ಎಂದು ಒಂದು ಐಟಂ ಹಿಡಿದು ಕೈಲೆಕ್ಕ ಮಾಡಿ ನೋಡಿಕೊಳ್ಳುವುದು ಒಳ್ಳೆಯದು.

ಬಂದರಿನ ಹಳೆಯ ರಖಂ ವ್ಯಾಪಾರಿ

ಇಷ್ಟೆಲ್ಲ ಲೆಕ್ಕದ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ನಾವು ಬಂದರಿನಲ್ಲಿ ಮೊದಲಿನಿಂದಲೂ ಕೊನೆಯ ಖರೀದಿ ದರವನ್ನೇ ಹಿಡಿಯುತ್ತಾ ಬಂದವರು. ಮಾರಿದ ಹಣದಲ್ಲಿ ಅದೇ ಸರಕನ್ನು ಮತ್ತೆ ತಂದು ಇಡಬೇಕಾದರೆ ಇವತ್ತಿನ ದರ ಕೊಡಬೇಕಲ್ಲವೇ? ಹಳೆಯ ದರದ ಮೇಲೆ ಲಾಭ ಬಂತೆಂದು ಖುಷಿಪಟ್ಟು ಖರ್ಚು ಮಾಡಿದವರು ಗೋದಾಮು ತುಂಬಿಸಲು ಬ್ಯಾಂಕಿಗೆ ಹೋಗಬೇಕಾಗುತ್ತದೆ. ಕಂಕನಾಡಿಯವರಿಗೆ ಆ ಬಿಲ್ಲಿನಲ್ಲಿ ಉಳಿದದ್ದು ₹1,800 ಮಾತ್ರ, ಉಳಿದದ್ದೆಲ್ಲ ಕಾಗದದ ಲಾಭ.

ಉಡುಪಿಯಲ್ಲಿ ಲೆಕ್ಕ ಬರೆಯುವವಳು

ಕೌಂಟರಿನಲ್ಲಿ ದರ ಹೇಳುವುದಕ್ಕೆ ನಿಮ್ಮ ಮಾತನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಪುಸ್ತಕಕ್ಕೆ ಮಾತ್ರ ಅದು ಹೊಂದುವುದಿಲ್ಲ, ಕಾರಣವನ್ನು ಇದೇ ಬಿಲ್ಲಿನಲ್ಲಿ ತೋರಿಸುತ್ತೇನೆ. ಮಾರಿದ 120 ಲೆಂತ್‌ಗೆ ₹43,200 ಹಿಡಿದಿರಿ. ಉಳಿದ 80 ಲೆಂತ್‌ಗೂ ₹360ರಂತೆ ₹28,800 ಹಿಡಿಯಬೇಕು. ಎರಡೂ ಸೇರಿದರೆ ₹72,000. ಆದರೆ ಕೈಯಿಂದ ಹೋದದ್ದು ₹66,000 ಮಾತ್ರ. ಇಲ್ಲದ ₹6,000 ಎಲ್ಲಿಂದ ಬಂತು ಎಂದು ಆಡಿಟರ್ ಕೇಳಿದರೆ ಉತ್ತರವಿರುವುದಿಲ್ಲ. ಸರಾಸರಿಯಲ್ಲಿ ₹39,600 ಮತ್ತು ₹26,400, ಫಿಫೋದಲ್ಲಿ ₹37,200 ಮತ್ತು ₹28,800. ಎರಡರಲ್ಲೂ ಮೊತ್ತ ₹66,000ಕ್ಕೇ ಬಂದು ನಿಲ್ಲುತ್ತದೆ.

ದಾಸ್ತಾನು ಮೌಲ್ಯಮಾಪನದ ಲೆಕ್ಕಪತ್ರ ಮಾನದಂಡ ಎಎಸ್ 2 ಸಾಮಾನ್ಯ ಸರಕಿಗೆ ಫಿಫೋ ಅಥವಾ ವೆಯ್ಟೆಡ್ ಆವರೇಜ್ (ಮೇಲೆ ₹330 ಬಂದ ಬಗೆಯ ಸರಾಸರಿ) ಅನ್ನು ಹೇಳುತ್ತದೆ, ಲಿಫೋವನ್ನು, ಅಂದರೆ ಕೊನೆಗೆ ಬಂದದ್ದು ಮೊದಲು ಹೋಯಿತು ಎಂದು ಹಿಡಿಯುವುದನ್ನು, ಒಪ್ಪುವುದಿಲ್ಲ. ಟ್ಯಾಲಿಯ ಪಟ್ಟಿಯಲ್ಲಿ ಲಿಫೋ, ಕೊನೆಯ ಖರೀದಿ ದರ, ಸೊನ್ನೆ ಅಸಲು ಎಲ್ಲವೂ ಇವೆ ಎಂದಮಾತ್ರಕ್ಕೆ ಎಲ್ಲವನ್ನೂ ಅಂತಿಮ ಲೆಕ್ಕಕ್ಕೆ ಬಳಸಬಹುದು ಎಂದಲ್ಲ.

ಆದ್ದರಿಂದ ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳಿ ಎಂದು ನನ್ನ ಸಲಹೆ. "ಈ ಬಿಲ್ಲಿನಲ್ಲಿ ಎಷ್ಟು ಗಳಿಸಿದೆ?" ಎಂಬುದಕ್ಕೆ ಸರಾಸರಿ ಅಥವಾ ಫಿಫೋ ಉತ್ತರಿಸುತ್ತದೆ. "ಈ ದರಕ್ಕೆ ಕೊಟ್ಟರೆ ಕಪಾಟನ್ನು ಮತ್ತೆ ತುಂಬಿಸಲು ಆದೀತೇ?" ಎಂಬುದಕ್ಕೆ ಇವತ್ತಿನ ಖರೀದಿ ದರ ಉತ್ತರಿಸುತ್ತದೆ. ಕಂಕನಾಡಿಯವರು ವರದಿಯಲ್ಲಿ ಹುಡುಕುತ್ತಿರುವುದು ಮೊದಲನೆಯದನ್ನು, ಆದರೆ ಗುತ್ತಿಗೆದಾರ ಎದುರಿಗೆ ನಿಂತಾಗ ಅವರಿಗೆ ಬೇಕಾಗಿರುವುದು ಎರಡನೆಯದು. ಎರಡು ಪರ್ಸೆಂಟ್ ಎಂದರೆ ₹900. ಪುಸ್ತಕದ ₹5,400ರಲ್ಲಿ ಅದು ಆರರಲ್ಲೊಂದು ಪಾಲು, ಬಿಡಬಹುದು ಎನಿಸುತ್ತದೆ. ಇವತ್ತಿನ ದರದ ₹1,800ರಲ್ಲಿ ಅದು ಅರ್ಧಕ್ಕರ್ಧ.

ಬಂದರಿನ ಹಳೆಯ ರಖಂ ವ್ಯಾಪಾರಿ

ಒಪ್ಪಿದೆ. ಆ ₹6,000ದ ಮಾತು ನಮ್ಮ ಸಿಎ ಪ್ರತಿ ವರ್ಷ ಬೇರೆ ಭಾಷೆಯಲ್ಲಿ ಹೇಳುತ್ತಿದ್ದರು.

ಕಂಕನಾಡಿಯ ಪೈಪ್ ವ್ಯಾಪಾರಿ

ಇದು ಬಹಳ ಉಪಯೋಗವಾಯಿತು. ಇನ್ನೂ ಒಂದು ಗೊಂದಲವಿದೆ. ಕೆಲವು ಬಿಲ್ಲುಗಳಲ್ಲಿ ಲಾಭ ನೂರಕ್ಕೆ ನೂರು ಎಂದು ತೋರಿಸುತ್ತದೆ, ಕೆಲವು ನಲ್ಲಿಗಳಲ್ಲಿ ನಷ್ಟ ಎಂದು ತೋರಿಸುತ್ತದೆ. ನಷ್ಟಕ್ಕೆ ನಾವು ಮಾರಿಲ್ಲ ಎಂಬುದು ಖಂಡಿತ.

ಉಡುಪಿಯಲ್ಲಿ ಲೆಕ್ಕ ಬರೆಯುವವಳು

ನೂರಕ್ಕೆ ನೂರು ಲಾಭ ಎಂದರೆ ಅಸಲು ಸೊನ್ನೆ ಎಂದರ್ಥ. ಸರಕು ಬಂದು ಮಾರಾಟವೂ ಆಗಿದೆ, ಖರೀದಿ ಬಿಲ್ಲು ಇನ್ನೂ ಪುಸ್ತಕಕ್ಕೆ ಏರಿಲ್ಲ, ದಾಸ್ತಾನು ಮೈನಸ್‌ನಲ್ಲಿದೆ. ಬಿಲ್ಲುವಾರು ಲಾಭದ ವರದಿಯನ್ನು ಕೆಡಿಸುವ ಕಾರಣಗಳಲ್ಲಿ ನಾನು ಅತಿ ಹೆಚ್ಚು ಕಾಣುವುದು ಇದನ್ನೇ. ವರದಿ ತೆಗೆಯುವ ಮೊದಲು ಮೈನಸ್ ದಾಸ್ತಾನಿನ ಪಟ್ಟಿ ನೋಡಿ. ಅದು ಖಾಲಿಯಾಗುವವರೆಗೆ ಲಾಭದ ಅಂಕಣವನ್ನು ನೋಡಬೇಡಿ.

ನಲ್ಲಿಗಳ ನಷ್ಟಕ್ಕೆ ನನ್ನ ಊಹೆ ಸ್ಕೀಮಿನ ಸರಕು. ಕಂಪನಿಯವರು ಹತ್ತಕ್ಕೆ ಒಂದು ಉಚಿತ ಕೊಡುತ್ತಾರೆ. ₹330ರಂತೆ ಹತ್ತು ನಲ್ಲಿಗೆ ₹3,300 ಕೊಟ್ಟಿರಿ, ಕೈಗೆ ಬಂದದ್ದು ಹನ್ನೊಂದು, ನಿಜವಾದ ಅಸಲು ತಲಾ ₹300. ಉಚಿತ ನಲ್ಲಿಯನ್ನು ಎಲ್ಲಿಯೂ ಬರೆಯದಿದ್ದರೆ ಅಸಲು ₹330 ಎಂದೇ ಉಳಿದು, ₹325ಕ್ಕೆ ಮಾರಿದ ನಲ್ಲಿ ನಷ್ಟ ತೋರಿಸುತ್ತದೆ. ಟ್ಯಾಲಿಯಲ್ಲಿ ಬಂದ ಪ್ರಮಾಣ ಮತ್ತು ಬಿಲ್ಲಾದ ಪ್ರಮಾಣಕ್ಕೆ ಬೇರೆ ಬೇರೆ ಅಂಕಣ ಇಟ್ಟುಕೊಳ್ಳುವ ಆಯ್ಕೆ ಇದೆ. ಅದನ್ನು ಚಾಲೂ ಮಾಡಿ 11 ಮತ್ತು 10 ಎಂದು ಬರೆದರೆ ಸಾಕು.

ಸುರತ್ಕಲ್‌ನಲ್ಲಿ ಟೈಲ್ಸ್ ಮತ್ತು ಸಿಮೆಂಟ್

ಇದೇ ಸಾಲಿಗೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ಟೈಲ್ಸ್ ವ್ಯಾಪಾರದಲ್ಲಿ ಅಳತೆಯ ಘಟಕವೇ ಲಾಭವನ್ನು ತಿರುಚುತ್ತದೆ. ಎರಡಡಿ ಎರಡಡಿಯ ಟೈಲ್ಸ್ ಎಂದು ನಾವು ಕರೆಯುವುದು ವಾಸ್ತವದಲ್ಲಿ 600 ಮಿಲಿಮೀಟರ್ ಚೌಕ. ನಾಲ್ಕು ಟೈಲ್ಸಿನ ಪೆಟ್ಟಿಗೆ 1.44 ಚದರ ಮೀಟರ್, ಅಂದರೆ 15.5 ಚದರಡಿ. ಗಿರಾಕಿಯ ಬಾಯಲ್ಲಿ ಅದು 16 ಚದರಡಿಯ ಪೆಟ್ಟಿಗೆ. ಖರೀದಿಯನ್ನು 15.5ರಂತೆ ಏರಿಸಿ ಮಾರಾಟವನ್ನು 16ರಂತೆ ಬಿಲ್ಲು ಮಾಡಿದರೆ ಪ್ರತಿ ಪೆಟ್ಟಿಗೆಗೆ ಅರ್ಧ ಚದರಡಿ ಪುಸ್ತಕದಲ್ಲಿ ಇಲ್ಲದ ಸರಕು ಮಾರಾಟವಾಗುತ್ತದೆ. ಹೊರಗೆ ಹೋದ ಪೆಟ್ಟಿಗೆ ಒಂದೇ ಆದರೂ ಅಸಲು 16 ಚದರಡಿಗೆ ಹಾಕಲ್ಪಟ್ಟು ಬಿಲ್ಲಿನ ಲಾಭ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಗೋದಾಮಿನಲ್ಲಿ ಪೆಟ್ಟಿಗೆಗಳಿದ್ದರೂ ಪುಸ್ತಕದ ದಾಸ್ತಾನು ಮೈನಸ್‌ಗೆ ಇಳಿಯುತ್ತದೆ. ನಾವು ಕೊನೆಗೆ ದಾಸ್ತಾನಿನ ಘಟಕವನ್ನು ಪೆಟ್ಟಿಗೆ ಎಂದೇ ಇಟ್ಟು, ಚದರಡಿಯನ್ನು ಬಿಲ್ಲಿನ ವಿವರಣೆಯ ಸಾಲಿನಲ್ಲಿ ಮಾತ್ರ ಬರೆಯುತ್ತಿದ್ದೇವೆ.

ಸಿಮೆಂಟಿನದು ಇನ್ನೊಂದು ಕಥೆ. ಪರಿಚಯದ ಅಂಗಡಿಯೊಂದರಲ್ಲಿ ಖರೀದಿ ದರವನ್ನು ತೆರಿಗೆ ಸೇರಿಸಿ ನಮೂದಿಸುವ ಅಭ್ಯಾಸವಿತ್ತು. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಾಗ ಅವರ ಬಿಲ್ಲುವಾರು ಲಾಭ ಇದ್ದಕ್ಕಿದ್ದಂತೆ ಏರಿತು. ಲೆಕ್ಕಕ್ಕಾಗಿ ಮೂಲ ದರ ₹250 ಎಂದುಕೊಳ್ಳಿ: ಮೊದಲು ಅಸಲು ₹320 ಎಂದು ಏರುತ್ತಿತ್ತು, ನಂತರ ₹295. ₹270ರ ಮೂಲ ದರಕ್ಕೆ ಮಾರಿದ ಚೀಲದಲ್ಲಿ ₹50 ನಷ್ಟವಿದ್ದದ್ದು ₹25ಕ್ಕೆ ಇಳಿದಂತೆ ಕಂಡಿತು. ನಿಜಕ್ಕೂ ಎರಡೂ ಸಲ ಉಳಿದದ್ದು ₹20. ಖರೀದಿಯಲ್ಲಿ ಕಟ್ಟಿದ ತೆರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ವಾಪಸು ಬರುವವರಿಗೆ ಅದು ಅಸಲಿನ ಭಾಗವೇ ಅಲ್ಲ.

ಬ್ರಹ್ಮಾವರದ ಸಣ್ಣ ಅಂಗಡಿ

ನಾವು ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿದ್ದೇವೆ, ಅಂದರೆ ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಸಣ್ಣ ಶೇಕಡಾವಾರು ತೆರಿಗೆ ಕಟ್ಟುವ ಯೋಜನೆಯಲ್ಲಿ. ನಮಗೂ ಇದೇ ನಿಯಮವೇ?

ಸುರತ್ಕಲ್‌ನಲ್ಲಿ ಟೈಲ್ಸ್ ಮತ್ತು ಸಿಮೆಂಟ್

ಇಲ್ಲ. ನಿಮಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲವಾದ್ದರಿಂದ ಖರೀದಿಯ ಮೇಲಿನ ತೆರಿಗೆ ಅಸಲಿಗೆ ಸೇರಬೇಕು. ವಹಿವಾಟಿನ ಮೇಲೆ ನೀವು ಕಟ್ಟುವ ಶೇಕಡಾ ಒಂದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ಹಾಗಾಗಿ ಅದನ್ನೂ ಬಿಲ್ಲಿನ ಲಾಭದಿಂದ ಕಳೆದು ನೋಡಿ.

ಅಡಿಕೆ ಮಂಡಿ, ಬಂದರು

ಇಲ್ಲಿಯವರೆಗಿನ ಉದಾಹರಣೆಗಳೆಲ್ಲ ಬಂದ ರೂಪದಲ್ಲೇ ಮಾರಾಟವಾಗುವ ಸರಕಿನವು. ಅಡಿಕೆಯವರ ಕಷ್ಟ ಬೇರೆ. ನಾವು ಖರೀದಿಸುವುದು ಒಂದು ಲಾಟು, ಮಾರುವುದು ಹಲವು ತರಗತಿ. ಲಾಟನ್ನು ಹರಡಿ ಹೆಕ್ಕಿದ ಮೇಲೆ ಒಳ್ಳೆಯ ಚಾಲಿ, ಪಟೋರ, ಉಳ್ಳಿ ಎಂದು ಬೇರ್ಪಡುತ್ತದೆ, ಒಣಗಿ ಒಂದಿಷ್ಟು ತೂಕ ಇಳಿಯುತ್ತದೆ, ಸ್ವಲ್ಪ ಧೂಳಾಗಿ ಹೋಗುತ್ತದೆ. ಪಟೋರದ ಒಂದು ಬಿಲ್ಲಿನಲ್ಲಿ ಲಾಭವೆಷ್ಟು ಎಂದು ಕೇಳಿದರೆ ಪಟೋರವನ್ನು ನಾನು ಖರೀದಿಸಿಯೇ ಇಲ್ಲವಲ್ಲ!

ದುಂಡು ಅಂಕಿಗಳಲ್ಲಿ ಹೇಳುತ್ತೇನೆ, ಇದು ಇವತ್ತಿನ ಮಾರುಕಟ್ಟೆ ದರವಲ್ಲ. 1,000 ಕೆಜಿ ಲಾಟು, ಕೆಜಿಗೆ ₹400ರಂತೆ ₹4,00,000. ಹೆಕ್ಕಿದಾಗ ಚಾಲಿ 800 ಕೆಜಿ, ಪಟೋರ 150, ಉಳ್ಳಿ 30, ಇಳಿತ 20. ಮಾರುವ ದರ ಕ್ರಮವಾಗಿ ₹460, ₹320, ₹200. ನಮ್ಮಲ್ಲಿ ಮೊದಲು ತಂತ್ರಾಂಶ ಹೊಂದಿಸಿಕೊಟ್ಟವರು ಅಸಲನ್ನು ತೂಕದ ಮೇಲೆ ಹಂಚುವಂತೆ ಮಾಡಿದ್ದರು: ₹4,00,000ವನ್ನು 980ಕ್ಕೆ ಹಂಚಿದರೆ ಎಲ್ಲ ತರಗತಿಗೂ ಕೆಜಿಗೆ ₹408. ಆಗ ಚಾಲಿಯ ಪ್ರತಿ ಬಿಲ್ಲಿನಲ್ಲಿ ಕೆಜಿಗೆ ₹52 ಲಾಭ, ಪಟೋರದ ಪ್ರತಿ ಬಿಲ್ಲಿನಲ್ಲಿ ಕೆಜಿಗೆ ₹88 ನಷ್ಟ. ವರದಿಯನ್ನು ನೋಡಿದ ನಮ್ಮ ಹುಡುಗರು ಪಟೋರ ಕೊಡುವುದಕ್ಕೇ ಹಿಂದೇಟು ಹಾಕತೊಡಗಿದರು, ಗೋಣಿಗಳು ಮೂಲೆಯಲ್ಲಿ ಕುಳಿತವು.

ಈಗ ನಾವು ಮಾರಾಟ ಮೌಲ್ಯದ ಅನುಪಾತದಲ್ಲಿ ಹಂಚುತ್ತೇವೆ. ಚಾಲಿ ₹3,68,000, ಪಟೋರ ₹48,000, ಉಳ್ಳಿ ₹6,000, ಒಟ್ಟು ₹4,22,000. ಈ ಪ್ರಮಾಣದಲ್ಲಿ ₹4,00,000ವನ್ನು ಹಂಚಿದರೆ ಚಾಲಿಯ ಅಸಲು ಕೆಜಿಗೆ ಸುಮಾರು ₹436, ಪಟೋರ ₹303, ಉಳ್ಳಿ ₹190. ಲಾಟಿನ ಒಟ್ಟು ಲಾಭ ₹22,000 ಹಾಗೆಯೇ ಇದೆ, ಆದರೆ ಪ್ರತಿ ಬಿಲ್ಲೂ ಮಾರಾಟದ ಮೇಲೆ ಶೇಕಡಾ 5ರಷ್ಟು ಲಾಭ ತೋರಿಸುತ್ತದೆ. ತಂತ್ರಾಂಶದಲ್ಲಿ ಇದನ್ನು ಮಾರಾಟದ ವೋಚರಿನಲ್ಲಿ ಮಾಡಲಾಗದು. ಹೆಕ್ಕಿದ ದಿನ ಲಾಟನ್ನು ಹೊರಗೆ ತೆಗೆದು ತರಗತಿಗಳನ್ನು ಒಳಗೆ ತರುವ ಸ್ಟಾಕ್ ಜರ್ನಲ್ ಬರೆಯಬೇಕು, ಅಸಲಿನ ಹಂಚಿಕೆ ಅಲ್ಲಿಯೇ ಆಗಿಬಿಡಬೇಕು.

ಕಾರ್ಕಳದ ಗೇರುಬೀಜ ಕಾರ್ಖಾನೆಯಿಂದ

ಅಡಿಕೆ ಮಂಡಿಯವರ ಮಾತು ಗೇರುಬೀಜಕ್ಕೂ ಅಕ್ಷರಶಃ ಅನ್ವಯಿಸುತ್ತದೆ. ಒಂದೇ ಗೋಣಿಯ ಕಚ್ಚಾ ಬೀಜದಿಂದ ಡಬ್ಲ್ಯು 240, ಡಬ್ಲ್ಯು 320 ಎಂಬ ಇಡೀ ತಿರುಳಿನ ದರ್ಜೆಗಳು, ಹೋಳು, ತುಂಡು ಎಲ್ಲ ಬರುತ್ತವೆ. ಪೌಂಡಿಗೆ ಎಷ್ಟು ತಿರುಳು ಎಂಬುದರ ಮೇಲೆ ದರ ನಿಲ್ಲುವಾಗ ಅಸಲನ್ನು ಬರೀ ತೂಕದ ಮೇಲೆ ಹಂಚಿದರೆ ತುಂಡಿನ ಬಿಲ್ಲುಗಳೆಲ್ಲ ನಷ್ಟವೇ. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಿಲ್ಲುವಾರು ಲಾಭವನ್ನು ನೋಡುವುದನ್ನೇ ಬಿಟ್ಟು ಲಾಟುವಾರು ಲಾಭವನ್ನು ಮಾತ್ರ ನೋಡುತ್ತೇವೆ. ಟ್ಯಾಲಿಯಲ್ಲಿ ಐಟಂಗೆ ಕಾಸ್ಟ್ ಟ್ರ್ಯಾಕಿಂಗ್ ಹಾಕಿ, ಖರೀದಿಯಿಂದ ಮಾರಾಟದವರೆಗೆ ಒಂದೇ ಗುರುತಿನ ಸಂಖ್ಯೆ ಕೊಟ್ಟರೆ ಆ ಲಾಟಿನ ಹಣೆಬರಹ ಒಂದೇ ವರದಿಯಲ್ಲಿ ಸಿಗುತ್ತದೆ.

ಮಲ್ಪೆ ಬಂದರಿನವನು

ಮೀನಿನಲ್ಲಿ ಈ ತಲೆಬಿಸಿ ಕಡಿಮೆ. ಬೆಳಿಗ್ಗೆ ಹರಾಜಿನಲ್ಲಿ ಹಿಡಿದದ್ದು ಸಂಜೆಯೊಳಗೆ ಹೋಗಿರುತ್ತದೆ, ದಾಸ್ತಾನು ಉಳಿಯುವುದಿಲ್ಲ, ಆ ದಿನದ ಲಾಟು, ಮಂಜುಗಡ್ಡೆ, ಹಮಾಲಿ, ಬಾಡಿಗೆ ಕಳೆದರೆ ಉಳಿದದ್ದು ಲಾಭ. ಒಂದೇ ಎಚ್ಚರಿಕೆ: ಬೋಟಿನವರ ಪರವಾಗಿ ಕಮಿಷನ್ ಮೇಲೆ ಮಾರಿಕೊಡುವವರು ಪೂರ್ತಿ ಮೊತ್ತವನ್ನು ತಮ್ಮ ಮಾರಾಟ ಎಂದು ಏರಿಸಬಾರದು. ನಿಮ್ಮ ಆದಾಯ ಕಮಿಷನ್ ಮಾತ್ರ. ಉಳಿದದ್ದು ಬೋಟಿನವರ ಹಣ.

ಉಡುಪಿ ರಥಬೀದಿಯ ಆಭರಣದ ಅಂಗಡಿ

ನಮ್ಮಲ್ಲಿ ಪ್ರತಿ ಒಡವೆಗೂ ಪ್ರತ್ಯೇಕ ಚೀಟಿ, ಪ್ರತ್ಯೇಕ ತೂಕ, ಪ್ರತ್ಯೇಕ ಮಜೂರಿ ಇರುವುದರಿಂದ ಸರಾಸರಿಯ ಗೊಡವೆಯೇ ಇಲ್ಲ. ಒಂದಕ್ಕೊಂದು ಬದಲಿಯಾಗಲಾರದ ಸರಕಿಗೆ ಅದರದ್ದೇ ನಿರ್ದಿಷ್ಟ ಅಸಲನ್ನು ಹಿಡಿಯಬೇಕು ಎಂದು ಮೇಲೆ ಹೇಳಿದ ಎಎಸ್ 2 ಕೂಡ ಹೇಳುತ್ತದೆ. ಹಳೆಯ ಕಾರು ಮಾರುವವರಿಗೂ ಇದೇ ದಾರಿ. ಒಂದೇ ಥರದ ಪೈಪುಗಳಿಗೆ ಇದನ್ನು ಮಾಡಹೊರಟರೆ ದಿನವೆಲ್ಲ ಚೀಟಿ ಅಂಟಿಸುವುದೇ ಕೆಲಸವಾದೀತು.

ಕಂಕನಾಡಿಯ ಪೈಪ್ ವ್ಯಾಪಾರಿ

ಎಲ್ಲರಿಗೂ ಕೃತಜ್ಞ. ಈ ನಡುವೆ ಇನ್ನೊಂದನ್ನು ಗಮನಿಸಿದೆ. ಬಿಲ್ಲಿನ ಕೊನೆಯಲ್ಲಿ ಒಟ್ಟು ಮೊತ್ತದ ಮೇಲೆ ಬಿಟ್ಟ ರಿಯಾಯಿತಿಯನ್ನು ನಾವು ಬೇರೆ ಖಾತೆಗೆ ಬರೆಯುತ್ತಿದ್ದೇವೆ. ಐಟಂವಾರು ಲಾಭದ ವರದಿ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಂತೆ ಕಾಣುವುದಿಲ್ಲ. ಸೈಟಿಗೆ ತಲುಪಿಸಿದ ಟೆಂಪೋ ಬಾಡಿಗೆಯೂ ಹಾಗೆಯೇ ಬೇರೆಲ್ಲೋ ಹೋಗಿ ಕುಳಿತಿದೆ.

ಉಡುಪಿಯಲ್ಲಿ ಲೆಕ್ಕ ಬರೆಯುವವಳು

ಸರಿಯಾಗಿ ಗಮನಿಸಿದ್ದೀರಿ. ವರದಿ ತೋರಿಸುವುದು ಮಾರಿದ ದರ ಮತ್ತು ಸರಕಿನ ಅಸಲಿನ ನಡುವಿನ ವ್ಯತ್ಯಾಸವನ್ನು. ರಿಯಾಯಿತಿಯನ್ನು ಐಟಂ ಸಾಲಿನಲ್ಲಿಯೇ ರಿಯಾಯಿತಿ ಅಂಕಣದಲ್ಲಿ ಕೊಟ್ಟರೆ ಅದು ತಾನಾಗಿಯೇ ಲಾಭದಿಂದ ಕಳೆಯುತ್ತದೆ, ಕೊನೆಯ ಸಾಲಿನಲ್ಲಿ ಬರೆಯುವ ಪದ್ಧತಿ ಬಿಡಿ. ಟೆಂಪೋ ಬಾಡಿಗೆ ಮಾರಾಟದ ಖರ್ಚು, ಅದು ಅಸಲಿಗೆ ಸೇರುವುದಿಲ್ಲ. ದೊಡ್ಡ ಬಿಲ್ಲುಗಳಿಗೆ ಅದನ್ನು ಮನಸ್ಸಿನಲ್ಲಾದರೂ ಕಳೆಯಿರಿ.

ಅದಕ್ಕಿಂತ ದೊಡ್ಡದೊಂದು ಖರ್ಚು ಯಾವ ಬಿಲ್ಲುವಾರು ವರದಿಯಲ್ಲೂ ಕಾಣುವುದಿಲ್ಲ. ನಿಮ್ಮ ಬಿಲ್ಲು ತೆರಿಗೆ ಸೇರಿ ₹53,100. ಗುತ್ತಿಗೆದಾರರು ಮೂರು ತಿಂಗಳ ನಂತರ ಕೊಟ್ಟರು ಎಂದುಕೊಳ್ಳೋಣ. ಅಷ್ಟರೊಳಗೆ ಅದರಲ್ಲಿನ ₹8,100 ಜಿಎಸ್‌ಟಿಯನ್ನು ನೀವು ಮುಂದಿನ ತಿಂಗಳ ರಿಟರ್ನಿನಲ್ಲಿ ತೋರಿಸಿ ಹೊಂದಿಸಿಯಾಗಿರುತ್ತದೆ. ವರ್ಷಕ್ಕೆ ಶೇಕಡಾ 12ರ ಬ್ಯಾಂಕ್ ಓವರ್‌ಡ್ರಾಫ್ಟ್ ಬಡ್ಡಿ ಹಿಡಿದರೆ 90 ದಿನಕ್ಕೆ ₹1,570ರಷ್ಟಾಗುತ್ತದೆ. ಬಂದರಿನವರ ಲೆಕ್ಕದ ₹1,800ರ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. ಎರಡು ಪರ್ಸೆಂಟ್ ಬಿಡಬೇಕೋ ಬೇಡವೋ ಎಂಬುದಕ್ಕಿಂತ ಅದನ್ನು ನಗದು ಕೊಡುವವರಿಗೆ ಬಿಡುತ್ತೀರೋ ಸಾಲ ಹೇಳುವವರಿಗೆ ಬಿಡುತ್ತೀರೋ ಎಂಬುದು ಮುಖ್ಯವಾಗುತ್ತದೆ.

ಹಂಪನಕಟ್ಟೆಯ ಬಟ್ಟೆ ಅಂಗಡಿ

ನಮ್ಮ ಸೇಲ್ಸ್ ಹುಡುಗರಿಗೆ ಬಿಲ್ಲಿನ ಲಾಭದ ಮೇಲೆ ಇನ್ಸೆಂಟಿವ್ ಕೊಡುವ ಯೋಚನೆಯಿದೆ. ಅಂಕಿ ಹೀಗೆ ಹಿಂದಕ್ಕೆ ಹೋಗಿ ಬದಲಾಗುವುದಾದರೆ ಕೊಟ್ಟ ಹಣವನ್ನು ವಾಪಸು ಕೇಳಲಾದೀತೇ? ಅಲ್ಲದೆ ಲಾಭದ ಅಂಕಣ ಕೌಂಟರಿನ ಹುಡುಗರ ಕಣ್ಣಿಗೆ ಬೀಳುವುದೂ ನನಗೆ ಇಷ್ಟವಿಲ್ಲ. ಹಿಂದೆ ಚೀಟಿಯ ಮೇಲೆ ಅಸಲನ್ನು ಗುಪ್ತ ಅಕ್ಷರಗಳಲ್ಲಿ ಬರೆಯುತ್ತಿದ್ದ ವ್ಯಾಪಾರ ನಮ್ಮದು.

ಉಡುಪಿಯಲ್ಲಿ ಲೆಕ್ಕ ಬರೆಯುವವಳು

ಎರಡನೆಯದಕ್ಕೆ ಬಳಕೆದಾರರ ಹಕ್ಕುಗಳನ್ನು ನಿಗದಿಪಡಿಸಿ: ಬಿಲ್ಲು ಮಾಡುವವರಿಗೆ ವೋಚರ್ ಮಾತ್ರ, ವರದಿಗಳು ನಿಮಗೆ ಮಾತ್ರ.

ಮೊದಲನೆಯದಕ್ಕೆ, ತಿಂಗಳು ಮುಗಿದ ಕೂಡಲೇ ಲಾಭ ತೆಗೆಯಬೇಡಿ. ಪ್ರತಿ ತಿಂಗಳ 14ರಂದು ಜಿಎಸ್‌ಟಿಆರ್ 2ಬಿ, ಅಂದರೆ ನಿಮಗೆ ಮಾರಿದವರು ಜಿಎಸ್‌ಟಿ ಪೋರ್ಟಲಿನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ, ಸಿದ್ಧವಾಗುತ್ತದೆ. ಅದರಲ್ಲಿ ಇದ್ದು ನಿಮ್ಮ ಪುಸ್ತಕದಲ್ಲಿ ಇಲ್ಲದ ಖರೀದಿ ಬಿಲ್ಲುಗಳೇ ನಿಮ್ಮ ಅಸಲನ್ನು ಕೆಡಿಸುತ್ತಿರುವವು. ತೆರಿಗೆಗಾಗಿ ಹೇಗೂ ಮಾಡುವ ಹೊಂದಾಣಿಕೆಯನ್ನು ಲಾಭದ ವರದಿಗೂ ಬಳಸಿಕೊಂಡಂತಾಯಿತು. ಖರೀದಿ, ಬಾಡಿಗೆ, ವಾಪಸು ಬಂದ ಸರಕು ಎಲ್ಲವೂ ಏರಿದ ಮೇಲೆ ಬಿಲ್ಲುವಾರು ಲಾಭವನ್ನು ತೆಗೆದು ಎಕ್ಸೆಲ್‌ಗೆ ಇಳಿಸಿ, ದಿನಾಂಕ ಹಾಕಿ ಇಟ್ಟುಬಿಡಿ. ಇನ್ಸೆಂಟಿವ್ ಆ ಹಾಳೆಯ ಮೇಲೆ. ಅನಂತರ ಪುಸ್ತಕದಲ್ಲಿ ಏನೇ ಬದಲಾದರೂ ವ್ಯತ್ಯಾಸ ಮುಂದಿನ ತಿಂಗಳಿಗೆ ಹೋಗಲಿ. ಪ್ರೈವೇಟ್ ಲಿಮಿಟೆಡ್ ಕಂಪನಿಗಳಾದರೆ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ ಇರುವ ತಂತ್ರಾಂಶ ಕಡ್ಡಾಯ, ಆದ್ದರಿಂದ ಯಾರು ಯಾವಾಗ ಹಿಂದಿನ ಖರೀದಿಯನ್ನು ಮುಟ್ಟಿದರು ಎಂಬುದೂ ಸಿಗುತ್ತದೆ.

ಇನ್ಸೆಂಟಿವಿನ ಶೇಕಡಾವಾರು ಯಾವುದರ ಮೇಲೆ ಎಂದು ಬರವಣಿಗೆಯಲ್ಲಿ ಹೇಳಿ. ₹39,600ಕ್ಕೆ ತಂದದ್ದನ್ನು ₹45,000ಕ್ಕೆ ಮಾರಿದರೆ ಮಾರಾಟದ ಮೇಲೆ ಶೇಕಡಾ 12, ಅಸಲಿನ ಮೇಲೆ 13.6. ಅಂಗಡಿಯವರು ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಗರು ಇನ್ನೊಂದನ್ನು ಅರ್ಥಮಾಡಿಕೊಂಡ ಜಗಳಗಳನ್ನು ಬಿಡಿಸಲು ನನ್ನನ್ನು ಕರೆದದ್ದುಂಟು.

ಮಣಿಪಾಲದ ಹೋಟೆಲಿನವರು

ಹೋಟೆಲಿಗೆ ಬಿಲ್ಲುವಾರು ಲಾಭ ಹೇಗೆ?

ಉಡುಪಿಯಲ್ಲಿ ಲೆಕ್ಕ ಬರೆಯುವವಳು

ಮಾಡಲು ಹೋಗಬೇಡಿ. ಒಂದು ಮಸಾಲೆ ದೋಸೆಗೆ ಎಷ್ಟು ಅಕ್ಕಿ, ಎಷ್ಟು ಉದ್ದು, ಎಷ್ಟು ಗ್ಯಾಸ್ ಎಂದು ತಿಂಡಿವಾರು ಅಸಲನ್ನು ಆಗಾಗ ಕಟ್ಟಿ ನೋಡಿ, ತಿಂಗಳ ಸಾಮಾನಿನ ಖರ್ಚನ್ನು ತಿಂಗಳ ವ್ಯಾಪಾರದ ಜೊತೆ ಹೋಲಿಸಿ. ಟೇಬಲ್ ಟೇಬಲಿನ ಬಿಲ್ಲಿಗೆ ಲಾಭ ತೆಗೆದು ಪ್ರಯೋಜನವಿಲ್ಲ.

ಕಂಕನಾಡಿಯ ಪೈಪ್ ವ್ಯಾಪಾರಿ

ನಾನು ಮಾಡಿಕೊಂಡ ವ್ಯವಸ್ಥೆಯನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಪುಸ್ತಕಕ್ಕೆ ಸರಾಸರಿ ಅಸಲು ಹಾಗೆಯೇ ಇದೆ. ಕೌಂಟರಿಗೆ, ಓಡುವ ಐಟಂಗಳ ಇವತ್ತಿನ ಖರೀದಿ ದರಕ್ಕೆ ಬಾಡಿಗೆ ಸೇರಿಸಿ, ಅದರ ಕೆಳಗೆ ಇಳಿಯಬಾರದ ದರದ ಒಂದು ಹಾಳೆಯನ್ನು ಮಾಡಿ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಹೊಸ ಲೋಡು ಬಂದ ದಿನ ಬದಲಿಸುತ್ತೇನೆ. ನಗದಿಗೊಂದು ಅಂಕಣ, ಸಾಲಕ್ಕೊಂದು ಅಂಕಣ. ಬಿಲ್ಲುವಾರು ಲಾಭದ ವರದಿಯನ್ನು 15ರ ನಂತರ ಮಾತ್ರ ತೆಗೆಯುತ್ತೇನೆ. ಉಳಿದಿರುವ ಒಂದೇ ಪ್ರಶ್ನೆ: ನಮ್ಮ ದರಗಳು ಏರುತ್ತಲೇ ಇರುವುದರಿಂದ ಫಿಫೋ ವಾಸ್ತವಕ್ಕೆ ಹತ್ತಿರ ಎಂದು ಮಗ ಹೇಳುತ್ತಾನೆ. ಈಗಲೇ ಬದಲಿಸಬಹುದೇ?

ಉಡುಪಿಯಲ್ಲಿ ಲೆಕ್ಕ ಬರೆಯುವವಳು

ಹಾಳೆಯ ವ್ಯವಸ್ಥೆ ಚೆನ್ನಾಗಿದೆ. ಫಿಫೋಗೆ ಹೋಗುವುದಾದರೆ ವರ್ಷದ ನಡುವೆ ಬೇಡ. ಐಟಂನ ಕಾಸ್ಟಿಂಗ್ ವಿಧಾನವನ್ನು ಬದಲಿಸಿದರೆ ಟ್ಯಾಲಿ ಅದನ್ನು ಇವತ್ತಿನಿಂದ ಮಾತ್ರ ಅನ್ವಯಿಸುವುದಿಲ್ಲ. ಟ್ಯಾಲಿಯ ಅದೇ ಕಂಪನಿಯಲ್ಲಿ (ಅಂಗಡಿಯ ಲೆಕ್ಕದ ಕಡತವನ್ನು ಟ್ಯಾಲಿ ಹೀಗೆ ಕರೆಯುತ್ತದೆ) ಹಿಂದಿನ ವರ್ಷಗಳ ಲೆಕ್ಕವಿದ್ದರೆ ಅವುಗಳ ಮುಕ್ತಾಯದ ದಾಸ್ತಾನೂ ಬದಲಾಗಿ, ಈಗಾಗಲೇ ಸಹಿಯಾಗಿ ಸಲ್ಲಿಕೆಯಾದ ಬ್ಯಾಲೆನ್ಸ್ ಶೀಟಿಗೆ ತಾಳೆಯಾಗದ ಅಂಕಿ ಬರುತ್ತದೆ. ವಿಧಾನದ ಬದಲಾವಣೆಗೆ ಕಾರಣವನ್ನೂ ಅದರಿಂದಾದ ಪರಿಣಾಮವನ್ನೂ ಅಂತಿಮ ಲೆಕ್ಕದಲ್ಲಿ ತಿಳಿಸಬೇಕಾಗುತ್ತದೆ. ಮಗನಿಗೆ ಡೇಟಾದ ಬ್ಯಾಕಪ್ ಒಂದನ್ನು ಬೇರೆ ಫೋಲ್ಡರಿನಲ್ಲಿ ತೆರೆದುಕೊಟ್ಟು, ಹೆಚ್ಚು ಓಡುವ ನಾಲ್ಕೈದು ಐಟಂಗಳನ್ನು ಅದರಲ್ಲಿ ಫಿಫೋಗೆ ಬದಲಿಸಿ ವ್ಯತ್ಯಾಸ ನೋಡಲು ಹೇಳಿ. ಮಾರ್ಚ್ ಮುಗಿಯುವ ಮೊದಲು ಆ ಅಂಕಿಗಳನ್ನು ಹಿಡಿದುಕೊಂಡು ನಿಮ್ಮ ಸಿಎ ಅವರ ಹತ್ತಿರ ಕುಳಿತು ಮಾತಾಡಿ, ಏಪ್ರಿಲ್ ಒಂದರಿಂದ ಟ್ಯಾಲಿಯಲ್ಲಿ ಹೊಸ ಕಂಪನಿ ತೆರೆದು ಆರಂಭಿಸಿದರೆ ಹಳೆಯದಕ್ಕೆ ತೊಂದರೆಯಾಗುವುದಿಲ್ಲ.